ನಿಲಯಕ್ಕೊಂದು ದನಿ: ಬಾನುಲಿಯ ಆಡಿಯೊ ಪ್ರೊಸೆಸರ್ ಹೊಂದಿಸುವ ಕ್ರಮ

ಎಫ್‌ಎಂ ಪ್ರಸಾರದಲ್ಲಿ ವಾಹಕ ತರಂಗವು ತನ್ನ ಆವರ್ತನದಿಂದ ಎರಡೂ ಕಡೆಗೆ 75 ಕಿಲೋಹರ್ಟ್ಸ್‌ಗಿಂತ ಹೆಚ್ಚು ಸರಿಯುವಂತಿಲ್ಲ. ಹಾಡು, ಮಾತು, ಜಾಹೀರಾತು, ಸ್ಟೀರಿಯೊ ಪೈಲಟ್ (ಪ್ರಸಾರ ಸ್ಟೀರಿಯೊದಲ್ಲಿದೆ ಎಂದು ರೇಡಿಯೊಗೆ ತಿಳಿಸುವ ಸ್ವರ), ಆರ್‌ಡಿಎಸ್ ಮಾಹಿತಿ (ರೇಡಿಯೊದ ಪರದೆಯಲ್ಲಿ ಕಾಣುವ ನಿಲಯದ ಹೆಸರಿನಂಥದ್ದು) ಎಲ್ಲವೂ ಈ ಮಿತಿಯೊಳಗೇ ಹಿಡಿಸಬೇಕು. ಸ್ಟುಡಿಯೊದಿಂದ ಟ್ರಾನ್ಸ್‌ಮಿಟರಿಗೆ ಹೋಗುವ ದನಿಯನ್ನು ಹದಗೊಳಿಸುವ ಯಂತ್ರವೇ ಆಡಿಯೊ ಪ್ರೊಸೆಸರ್. ಅದರ ಮೊದಲ ಕೆಲಸ ಈ ಮಿತಿಯನ್ನು ಕಾಯುವುದು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೋಣೆಗಳಲ್ಲಿ ಮುದ್ರಣಗೊಂಡ ಸಾಮಗ್ರಿಯೆಲ್ಲ ಒಂದೇ ನಿಲಯದ್ದು ಎಂದು ಕೇಳಿಸುವಂತೆ ಮಾಡುವುದು ಅದರ ಎರಡನೆಯ ಕೆಲಸ. ಪಕ್ಕದ ನಿಲಯಕ್ಕಿಂತ ಜೋರಾಗಿ ಕೇಳಿಸುವ ಮೂರನೆಯ ಕೆಲಸವೊಂದನ್ನು ನಾವೇ ಅದರ ತಲೆಗೆ ಕಟ್ಟಿದ್ದೇವೆ. ಹೊಂದಿಸುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಮೂರನೆಯದಕ್ಕೆ ಮೊದಲ ಸ್ಥಾನ ಕೊಡುವುದರಿಂದಲೇ ಆಗುತ್ತವೆ.

ಮಿತಿ ಕದಲದಿರುವುದರಿಂದ ಜೋರು, ಹೊಳಪು, ಬೇಸ್, ಶುದ್ಧತೆ ಈ ನಾಲ್ಕನ್ನೂ ಒಟ್ಟಿಗೆ ಹೆಚ್ಚಿಸಲು ಬರುವುದಿಲ್ಲ. ಒಂದನ್ನು ಏರಿಸಿದರೆ ಉಳಿದ ಮೂರರಲ್ಲಿ ಯಾವುದಾದರೂ ಒಂದರಿಂದ ಅದರ ಬೆಲೆಯನ್ನು ತೆರಬೇಕಾಗುತ್ತದೆ. ಹೊಸ ಯಂತ್ರಗಳು ಆ ಬೆಲೆಯನ್ನು ತಗ್ಗಿಸಿವೆಯೇ ಹೊರತು ಮನ್ನಾ ಮಾಡಿಲ್ಲ. ಹಾಗಾಗಿ ನಮ್ಮ ನಿಲಯ ಯಾವುದನ್ನು ಬಿಟ್ಟುಕೊಡಲು ಸಿದ್ಧವಿದೆ, ಯಾವುದನ್ನು ಬಿಡಲು ಸಿದ್ಧವಿಲ್ಲ ಎಂಬುದನ್ನು ತೀರ್ಮಾನಿಸದೆ ಪ್ರೊಸೆಸರ್ ಹೊಂದಿಸಲು ಹೊರಡುವುದರಲ್ಲಿ ಅರ್ಥವಿಲ್ಲ.

ಬೇಕಾದ ದನಿಯನ್ನು ಮೊದಲು ಬರೆದಿಡಿ

ಯಂತ್ರದ ಮೆನು ತೆರೆಯುವ ಮುನ್ನ, ನಿಲಯ ಹೇಗೆ ಕೇಳಿಸಬೇಕು ಎಂಬುದನ್ನು ಒಂದು ಹಾಳೆಯಲ್ಲಿ ನಾಲ್ಕೈದು ವಾಕ್ಯಗಳಲ್ಲಿ ಬರೆಯಿರಿ. ಅದಕ್ಕೆ ಕಾರ್ಯಕ್ರಮ ವಿಭಾಗದವರೂ ತಾಂತ್ರಿಕ ವಿಭಾಗದವರೂ ಒಪ್ಪಬೇಕು. "ಚೆನ್ನಾಗಿ ಕೇಳಿಸಬೇಕು", "ಪಂಚ್ ಇರಬೇಕು" ಎಂಬ ಮಾತುಗಳನ್ನು ನಂಬಿಕೊಂಡು ಯಾವ ಗುಂಡಿಯನ್ನೂ ತಿರುಗಿಸಲಾಗದು. "ಗಾಯಕರ ದನಿ ವಾದ್ಯಗಳಿಗಿಂತ ಒಂದು ಹೆಜ್ಜೆ ಮುಂದಿರಬೇಕು, ಓಡುವ ಕಾರಿನ ಕಿಟಕಿ ತೆರೆದಿದ್ದರೂ ಮಾತು ಪೂರ್ತಿ ತಿಳಿಯಬೇಕು, ಎರಡು ಗಂಟೆ ಕೇಳಿದರೂ ಕಿವಿ ದಣಿಯಬಾರದು, ಮೆಲ್ಲಗೆ ಆರಂಭವಾಗುವ ಹಾಡು ಮೆಲ್ಲಗೆ ಆರಂಭವಾಯಿತು ಎಂದೇ ಅನ್ನಿಸಬೇಕು" ಎಂದು ಬರೆದರೆ ಪ್ರತಿ ವಾಕ್ಯವೂ ಯಂತ್ರದೊಳಗಿನ ಒಂದೊಂದು ಹಂತವನ್ನು ತೋರಿಸುತ್ತದೆ. ಈ ಹಾಳೆ ಮುಂದೆ ವಾದ ಬಂದಾಗಲೂ ನೆರವಾಗುತ್ತದೆ. ಯಾರೋ ಒಬ್ಬರು ಬಂದು ಇನ್ನಷ್ಟು ಟ್ರೆಬಲ್ ಬೇಕು ಎಂದಾಗ, ಒಪ್ಪಿಕೊಂಡ ನಾಲ್ಕು ವಾಕ್ಯಗಳಲ್ಲಿ ಯಾವುದನ್ನು ಬದಲಿಸೋಣ ಎಂದು ಕೇಳಬಹುದು.

ಜೊತೆಗೆ ಹನ್ನೆರಡು ತುಣುಕುಗಳ ಒಂದು ಪರೀಕ್ಷಾ ಪಟ್ಟಿಯನ್ನು ಮಾಡಿಕೊಳ್ಳಿ. ಮೆಚ್ಚಿನ ಹಾಡುಗಳನ್ನೇ ಆರಿಸಿಕೊಂಡರೆ ಯಾವ ತೊಂದರೆಯೂ ಬಯಲಾಗುವುದಿಲ್ಲ. ಹಿಸ್ ತುಂಬಿದ ಹಳೆಯ ಮೊನೊ ಮುದ್ರಣ, ಮೂಲದಲ್ಲೇ ಹಿಂಡಿ ಜೋರು ಮಾಡಿರುವ ಈಚಿನ ಹಾಡು, ಒಂಟಿ ಪಿಯಾನೊ, ಒಂಟಿ ಕೊಳಲು, ಆಳವಾದ ಡ್ರಮ್ಮಿನ ಮೇಲೆ ಹೆಣ್ಣುದನಿ, ನಮ್ಮದೇ ಸ್ಟುಡಿಯೊದ ಗಂಡು ಮತ್ತು ಹೆಣ್ಣು ನಿರೂಪಕರ ಮಾತು, ದೂರವಾಣಿ ಕರೆ, ಮಾತು ಮುಗಿದೊಡನೆ ಬರುವ ಗದ್ದಲದ ಜಾಹೀರಾತು, ಇಷ್ಟಾದರೂ ಅದರಲ್ಲಿ ಇರಲಿ. ಪಟ್ಟಿಯನ್ನು ಒಮ್ಮೆ ಗೊತ್ತುಮಾಡಿದ ಮೇಲೆ ಬದಲಿಸಬೇಡಿ. ಬದಲಿಸುತ್ತಾ ಹೋದರೆ ಇಂದಿನ ಕೇಳ್ಮೆಯನ್ನು ನಿನ್ನೆಯದರೊಂದಿಗೆ ಹೋಲಿಸಲು ಆಧಾರವೇ ಉಳಿಯುವುದಿಲ್ಲ.

ಪ್ರೊಸೆಸರ್‌ಗೆ ಮುಂಚಿನ ದಾರಿ

ಈ ಕೆಲಸಕ್ಕೆಂದು ಮೀಸಲಿಟ್ಟ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾನು ಪ್ರೊಸೆಸರನ್ನು ಮುಟ್ಟದೆಯೇ ಕಳೆಯುತ್ತೇನೆ. ಈ ಯಂತ್ರ ಮೂಲದ ದೋಷವನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಕಂಪ್ರೆಷನ್ ಎಂದರೆ ಸಣ್ಣ ದನಿಯನ್ನು ಮೇಲೆತ್ತುವುದು. ಹಾಗೆ ಎತ್ತುವಾಗ ಕೊಳಲಿನ ಮೆಲುಸ್ವರದ ಜೊತೆಗೆ ಸ್ಟುಡಿಯೊದ ಫ್ಯಾನಿನ ಸದ್ದು, ಕೇಬಲ್ಲಿನ ಹಮ್, ಅಗ್ಗದ ಎನ್‌ಕೋಡಿಂಗ್‌ನ ಕಲ್ಮಷ ಎಲ್ಲವೂ ಮೇಲೆ ಬರುತ್ತವೆ. 128 ಕಿಲೋಬಿಟ್ ಎಂಪಿ3 ಕಡತವನ್ನು ಹೆಡ್‌ಫೋನಿನಲ್ಲಿ ನೇರವಾಗಿ ಕೇಳಿದಾಗ ದೊಡ್ಡ ಕುಂದೇನೂ ಕಾಣದಿರಬಹುದು. ಅದೇ ಕಡತ, ದನಿಯನ್ನು ಐದು ಪಾಲು ಮಾಡಿ ಹಿಂಡುವ ಐದು ಬ್ಯಾಂಡಿನ ಕಂಪ್ರೆಸರನ್ನು ದಾಟಿ ಬಂದಾಗ ತಾಳದ ಸದ್ದು ನೀರಿನೊಳಗಿಂದ ಬಂದಂತೆ ಗುಳುಗುಳು ಎನ್ನತೊಡಗುತ್ತದೆ. ಹಾಡುಗಳ ಸಂಗ್ರಹವನ್ನು ಸಂಕುಚಿಸದ ಕಡತಗಳಲ್ಲಿ, ಇಲ್ಲವೇ ಗುಣ ನಷ್ಟವಾಗದ ಎಫ್‌ಎಲ್‌ಎಸಿಯಂಥ ರೂಪದಲ್ಲಿ ಇಡಿ. ಎಂಪಿ3 ಕಡತವನ್ನು ವೇವ್ ಕಡತವಾಗಿ ಮಾರ್ಪಡಿಸಿದ ಮಾತ್ರಕ್ಕೆ ಕಳೆದುಹೋದದ್ದು ಮರಳಿ ಬರುವುದಿಲ್ಲ. ಮೂಲದಿಂದಲೇ ಮತ್ತೆ ತೆಗೆದುಕೊಳ್ಳಬೇಕು.

ಮುಂದಿನದು ಮಟ್ಟ. ಮಿಕ್ಸರಿನಿಂದ 1 ಕಿಲೋಹರ್ಟ್ಸ್ ಟೋನನ್ನು ನಿಲಯದ ನಿಗದಿತ ಮಟ್ಟದಲ್ಲಿ ಕಳುಹಿಸಿ, ಟ್ರಾನ್ಸ್‌ಮಿಟರ್‌ವರೆಗಿನ ಪ್ರತಿ ನಿಲ್ದಾಣದಲ್ಲೂ ಅಳೆಯಿರಿ. ಯುರೋಪಿನ ಪದ್ಧತಿಯಲ್ಲಿ ಈ ಟೋನಿನ ಮಟ್ಟ ಡಿಜಿಟಲ್ ಗರಿಷ್ಠಕ್ಕಿಂತ 18 ಡೆಸಿಬಲ್ ಕೆಳಗಿರುತ್ತದೆ, ಅಮೆರಿಕದ ಪದ್ಧತಿಯಲ್ಲಿ 20 ಡೆಸಿಬಲ್. ಯಾವುದನ್ನು ಅನುಸರಿಸಿದರೂ ದಾರಿಯುದ್ದಕ್ಕೂ ಅದೊಂದೇ ಇರಲಿ. ಮಿಕ್ಸರಿನಲ್ಲಿ ಸದಾ ಕೆಂಪು ದೀಪ ಹೊತ್ತಿರುವ ನಿಲಯದ ಪ್ರೊಸೆಸರನ್ನು ಎಷ್ಟು ಹೊಂದಿಸಿದರೂ ಫಲವಿಲ್ಲ, ಏಕೆಂದರೆ ಅಲ್ಲಿ ತಲೆ ಕತ್ತರಿಸಿದ ತರಂಗವೇ ಒಳಗೆ ಬರುತ್ತಿರುತ್ತದೆ. ಎಡ ಬಲ ಎರಡನ್ನೂ ಕೂಡಿಸಿ ಮೊನೊದಲ್ಲಿಯೂ ಕೇಳಿ. ಒಂದು ಕೇಬಲ್ಲಿನ ಎರಡು ತಂತಿ ಅದಲುಬದಲಾಗಿದ್ದರೆ ನಡುವಿನಲ್ಲಿರಬೇಕಾದ ಗಾಯಕರ ದನಿ ಮೊನೊದಲ್ಲಿ ಮಾಯವಾಗುತ್ತದೆ. ಸ್ಟೀರಿಯೊದಲ್ಲಿ ಕೇಳುವವರಿಗೆ ಅದು ಕೇವಲ ವಿಶಾಲವಾಗಿ ಕೇಳಿಸುವುದರಿಂದ ಈ ದೋಷ ಬಹುಕಾಲ ಗಮನಕ್ಕೆ ಬಾರದೆ ಉಳಿಯಬಲ್ಲದು.

ಆಮೇಲೆ, ದಾರಿಯಲ್ಲಿ ಇನ್ನಾವ ಯಂತ್ರ ಸದ್ದಿಲ್ಲದೆ ಕೆಲಸ ಮಾಡುತ್ತಿದೆ ಎಂದು ಹುಡುಕಿ. ಮೈಕಿನ ಪ್ರೊಸೆಸರಿನ ಕಂಪ್ರೆಸರ್, ಆಟೊಮೇಷನ್ ತಂತ್ರಾಂಶದ ಮಟ್ಟ ಸಮಗೊಳಿಸುವ ಸೌಲಭ್ಯ, ಸ್ಟುಡಿಯೊದಿಂದ ಟ್ರಾನ್ಸ್‌ಮಿಟರಿಗೆ ಹೋಗುವ ಲಿಂಕಿನ ಲಿಮಿಟರ್ (ದನಿ ನಿಗದಿತ ಮಟ್ಟ ದಾಟದಂತೆ ತಡೆಯುವ ಹಂತ), ಟ್ರಾನ್ಸ್‌ಮಿಟರಿನಲ್ಲಿ ಎಫ್‌ಎಂ ಸಂಕೇತವನ್ನು ಹುಟ್ಟಿಸುವ ಎಕ್ಸೈಟರಿನೊಳಗಿನ ಲಿಮಿಟರ್ ಇವುಗಳಲ್ಲಿ ಅಗತ್ಯವಿಲ್ಲದ್ದನ್ನೆಲ್ಲ ಆಫ್ ಮಾಡಿಬಿಡಿ. ಪ್ರಿ-ಎಂಫಸಿಸ್ ವಿಷಯದಲ್ಲಂತೂ ವಿಶೇಷ ಎಚ್ಚರ ಬೇಕು. ಎಫ್‌ಎಂನಲ್ಲಿ ಮೇಲಿನ ಸ್ವರಗಳನ್ನು ಪ್ರಸಾರಕ್ಕೆ ಮುಂಚೆ ಏರಿಸಿ, ರೇಡಿಯೊದಲ್ಲಿ ಅಷ್ಟೇ ಇಳಿಸುತ್ತಾರೆ. ಇದರಿಂದ ಹಿಸ್ ತಗ್ಗುತ್ತದೆ. ಜಗತ್ತಿನ ಬಹುಭಾಗದಲ್ಲಿ ಈ ಏರಿಕೆಯ ಅಳತೆ 50 ಮೈಕ್ರೊಸೆಕೆಂಡ್, ಅಮೆರಿಕ ಖಂಡಗಳಲ್ಲಿ ಮತ್ತು ದಕ್ಷಿಣ ಕೊರಿಯಾದಲ್ಲಿ 75 ಮೈಕ್ರೊಸೆಕೆಂಡ್. ಇದನ್ನು ದಾರಿಯಲ್ಲಿ ಒಂದೇ ಕಡೆ ಮಾಡಬೇಕು, ಅದೂ ಪ್ರೊಸೆಸರ್ ಒಳಗೇ ಆಗಬೇಕು.

ಒಂದು ನಿಲಯದಲ್ಲಿ ಮೂರು ದಿನ ನಾನು ಟ್ರೆಬಲ್ ಇಳಿಸುವುದರಲ್ಲೇ ಕಳೆದಿದ್ದೇನೆ. ಎಷ್ಟು ಇಳಿಸಿದರೂ ದನಿ ಕಿವಿಗೆ ಚುಚ್ಚುತ್ತಿತ್ತು, ಇನ್ನೂ ಇಳಿಸಿದರೆ ಮಾತು ಮಂಕಾಗುತ್ತಿತ್ತು. ನಾಲ್ಕನೆಯ ಬೆಳಿಗ್ಗೆ ಟ್ರಾನ್ಸ್‌ಮಿಟರ್ ಕೋಣೆಗೆ ಹೋಗಿ ಎಕ್ಸೈಟರಿನ ಮೆನುವನ್ನು ಸಾಲುಸಾಲಾಗಿ ಓದಿದಾಗ ಅಲ್ಲಿಯೂ 50 ಮೈಕ್ರೊಸೆಕೆಂಡ್ ಎಂದಿತ್ತು. ಪ್ರೊಸೆಸರ್ ಒಮ್ಮೆ, ಎಕ್ಸೈಟರ್ ಇನ್ನೊಮ್ಮೆ ಏರಿಸುತ್ತಿದ್ದವು. 10 ಕಿಲೋಹರ್ಟ್ಸ್‌ನಲ್ಲಿ ಇದರಿಂದ ಬಿದ್ದ ಹೆಚ್ಚುವರಿ ಭಾರ ಸುಮಾರು 10 ಡೆಸಿಬಲ್. ಮಿತಿ ಮೀರಿದ್ದು ಮೀಟರಿನಲ್ಲಿ ಕಾಣದಂತೆ ಎಕ್ಸೈಟರಿನ ಲಿಮಿಟರ್ ಅದನ್ನು ಒತ್ತಿ ಹಿಡಿದಿತ್ತು. ಎಕ್ಸೈಟರಿನ ಪ್ರಿ-ಎಂಫಸಿಸ್ ಮತ್ತು ಲಿಮಿಟರ್ ಎಂಬ ಆ ಎರಡು ಸಾಲುಗಳನ್ನು ಆಫ್ ಮಾಡಿದ ಮೇಲೆ ಮೂರು ದಿನದ ನನ್ನ ಬದಲಾವಣೆಗಳನ್ನೆಲ್ಲ ಅಳಿಸಿ, ಯಂತ್ರದ ಜೊತೆಗೇ ಬಂದ ಪ್ರೀಸೆಟ್ಟಿನಿಂದ (ಮೊದಲೇ ಹೊಂದಿಸಿ ಉಳಿಸಿಟ್ಟ ಕ್ರಮ) ಮತ್ತೆ ಆರಂಭಿಸಿದೆ. ಅಂದಿನಿಂದ ದಾರಿಯ ಪ್ರತಿ ಯಂತ್ರದ ಪ್ರತಿ ಸಾಲನ್ನೂ ಓದಿ ಬರೆದುಕೊಳ್ಳದೆ ನಾನು ಒಂದು ಗುಂಡಿಯನ್ನೂ ತಿರುಗಿಸುವುದಿಲ್ಲ.

ಪ್ರೊಸೆಸರನ್ನು ಸ್ಟುಡಿಯೊದಲ್ಲಿಟ್ಟು, ಅಲ್ಲಿಂದ ದತ್ತಾಂಶವನ್ನು ಹಿಂಡುವ ಕೋಡೆಕ್ ಲಿಂಕಿನ ಮೂಲಕ ಟ್ರಾನ್ಸ್‌ಮಿಟರಿಗೆ ಕಳುಹಿಸುವ ವ್ಯವಸ್ಥೆಯಿದ್ದರೆ ಅದನ್ನು ಬದಲಿಸಲು ಪ್ರಯತ್ನಿಸಿ. ಪ್ರೊಸೆಸರ್ ಕಷ್ಟಪಟ್ಟು ಸಮನಾಗಿ ಕತ್ತರಿಸಿದ ಶಿಖರಗಳನ್ನು ಕೋಡೆಕ್ ಮತ್ತೆ ಏರುಪೇರು ಮಾಡುತ್ತದೆ. ಆ ಏರುಪೇರಿಗೆ ಜಾಗ ಬಿಡಲು ಒಟ್ಟು ಮಟ್ಟವನ್ನೇ ಇಳಿಸಬೇಕಾಗಿ ಬಂದು, ಗಳಿಸಿದ ಜೋರೆಲ್ಲ ಅಲ್ಲಿಯೇ ಸೋರಿಹೋಗುತ್ತದೆ. ಪ್ರೊಸೆಸರ್ ಟ್ರಾನ್ಸ್‌ಮಿಟರಿನ ಪಕ್ಕದಲ್ಲೇ ಇರುವುದು ಒಳ್ಳೆಯದು.

ಎಜಿಸಿ

ಪ್ರೊಸೆಸರ್ ಒಳಗೆ ಮೊದಲು ಸಿಗುವ ಮುಖ್ಯ ಹಂತ ಎಜಿಸಿ, ಅಂದರೆ ದನಿಯ ಮಟ್ಟವನ್ನು ತಾನಾಗಿಯೇ ಹೊಂದಿಸುವ ಹಂತ. ಅದಕ್ಕೂ ಮೊದಲು ಸುಮಾರು 30 ಹರ್ಟ್ಸ್‌ನ ಕೆಳಗಿನದನ್ನು ತೆಗೆದುಹಾಕುವ ಫಿಲ್ಟರೂ ಫೇಸ್ ರೊಟೇಟರೂ ಇರುತ್ತವೆ. ಮನುಷ್ಯರ ಮಾತಿನ ತರಂಗದ ಒಂದು ಬದಿಯ ಶಿಖರಗಳು ಇನ್ನೊಂದು ಬದಿಯವಕ್ಕಿಂತ ಎತ್ತರವಿರುತ್ತವೆ. ಫೇಸ್ ರೊಟೇಟರ್ ಎರಡೂ ಬದಿಯನ್ನು ಸಮ ಮಾಡಿ, ಕೊನೆಯಲ್ಲಿ ಶಿಖರಗಳನ್ನು ಕತ್ತರಿಸುವ ಕ್ಲಿಪ್ಪರಿನಲ್ಲಿ ಮಾತು ಒಡೆಯದಂತೆ ತಡೆಯುತ್ತದೆ. ಮಾತೇ ಮುಖ್ಯವಾದ ನಿಲಯದಲ್ಲಿ ಇದನ್ನು ಆನ್ ಮಾಡಿಯೇ ಇಡಿ.

ನುರಿತ ನಿರ್ವಾಹಕರೊಬ್ಬರು ಫೇಡರ್ ಮೇಲೆ ಕೈಯಿಟ್ಟು ಕುಳಿತು ಮಾಡುವಂಥ ಕೆಲಸವನ್ನು ಎಜಿಸಿ ಮಾಡುತ್ತದೆ: ಸಣ್ಣದಾಗಿ ಬಂದದ್ದನ್ನು ನಿಧಾನವಾಗಿ ಎತ್ತುತ್ತದೆ, ದೊಡ್ಡದಾಗಿ ಬಂದದ್ದನ್ನು ನಿಧಾನವಾಗಿ ಇಳಿಸುತ್ತದೆ. ಸಾಮಾನ್ಯ ಹಾಡಿನಲ್ಲಿ ಇದರ ಮೀಟರ್ ತನ್ನ ವ್ಯಾಪ್ತಿಯ ನಡುವೆ ನಿಲ್ಲುವಂತೆ ಒಳಬರುವ ಮಟ್ಟವನ್ನು ಹೊಂದಿಸಿ. ಹಾಗಿದ್ದರೆ ಏರಿಸಲೂ ಇಳಿಸಲೂ ಅದಕ್ಕೆ ಅವಕಾಶವಿರುತ್ತದೆ. ವೇಗವನ್ನು ಕಡಿಮೆಯೇ ಇಡಿ. ಎಜಿಸಿ ಕೆಲಸ ಮಾಡುತ್ತಿರುವುದು ಕಿವಿಗೆ ಗೊತ್ತಾಗುತ್ತಿದ್ದರೆ ಅದರ ವೇಗ ಅತಿಯಾಗಿದೆ ಎಂದರ್ಥ.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕಿವಿಗೊಡಬೇಕಾದದ್ದು ಗೇಟ್, ಅಂದರೆ ದನಿ ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಎಜಿಸಿಯನ್ನು ಇದ್ದಲ್ಲೇ ತಡೆದು ನಿಲ್ಲಿಸುವ ಸೌಲಭ್ಯ. ವಾರ್ತಾವಾಚಕರು ಒಂದು ವಾಕ್ಯ ಮುಗಿಸಿ ಉಸಿರೆಳೆದುಕೊಳ್ಳುವ ಅರೆ ಸೆಕೆಂಡನ್ನು ಮಾತ್ರ ಮತ್ತೆ ಮತ್ತೆ ಕೇಳಿ. ಮಾತು ನಡೆಯುವಾಗ ಮೀಟರ್ 8 ಡೆಸಿಬಲ್ ಇಳಿಕೆ ತೋರಿಸುತ್ತಿತ್ತು ಎಂದಿಟ್ಟುಕೊಳ್ಳಿ. ಮಾತು ನಿಂತೊಡನೆ ಯಂತ್ರ "ದನಿ ಸಣ್ಣದಾಯಿತು" ಎಂದುಕೊಂಡು ಮಟ್ಟ ಏರಿಸಲು ಹೊರಡುತ್ತದೆ, ಮೀಟರ್ 6ಕ್ಕೆ, 5ಕ್ಕೆ ಬರುತ್ತದೆ, ಹಿಂದಿನ ಕೋಣೆಯ ಗುಂಯ್ ಎಂಬ ಸದ್ದು ಮುಂದೆ ಬರುತ್ತದೆ, ಉಸಿರು ಗಾಳಿ ಬೀಸಿದಂತೆ ಕೇಳಿಸುತ್ತದೆ. ಮುಂದಿನ ವಾಕ್ಯದ ಮೊದಲ ಅಕ್ಷರ ಸಿಡಿದು ಬಂದು, ಮರುಕ್ಷಣವೇ ಅದುಮಿದಂತಾಗುತ್ತದೆ. ಗೇಟಿನ ಮಟ್ಟವನ್ನು ಒಂದೊಂದೇ ಡೆಸಿಬಲ್ ಏರಿಸುತ್ತಾ ಬನ್ನಿ. ಯಾವುದೋ ಒಂದು ಹಂತದಲ್ಲಿ, ಮಾತು ನಿಂತೊಡನೆ ಮೀಟರ್ ಇದ್ದಲ್ಲಿಯೇ ಹೆಪ್ಪುಗಟ್ಟಿದಂತೆ ನಿಂತು, ಮಾತು ಬಂದಾಗ ಮತ್ತೆ ಚಲಿಸುತ್ತದೆ. ಉಸಿರು ಉಸಿರಿನಷ್ಟೇ ಕೇಳಿಸುತ್ತದೆ. ಅಲ್ಲಿ ನಿಲ್ಲಿಸಿ, ಈಗ ಒಂಟಿ ಕೊಳಲಿನ ತುಣುಕನ್ನು ಹಾಕಿ. ಗೇಟ್ ಅತಿಯಾಗಿದ್ದರೆ ಕೊಳಲಿನ ಮೆಲುದನಿಯನ್ನೂ ಅದು ಮೌನವೆಂದೇ ಎಣಿಸುವುದರಿಂದ, ಹಿಂದಿನ ಗದ್ದಲದ ಹಾಡಿಗಾಗಿ ಇಳಿದ ಮಟ್ಟ ಮೇಲೇರದೆ ಕೊಳಲು ದೂರದಲ್ಲೇ ಉಳಿದುಬಿಡುತ್ತದೆ. ಉಸಿರಿಗೂ ಕೊಳಲಿಗೂ ಒಪ್ಪುವ ಬಿಂದು ಈ ಎರಡರ ನಡುವೆ ಇರುತ್ತದೆ.

ಬ್ಯಾಂಡುಗಳಲ್ಲಿ ಕೆಲಸ

ಇಡೀ ದನಿಯನ್ನು ಒಂದೇ ಕಂಪ್ರೆಸರಿಗೆ ಕೊಟ್ಟರೆ ಡ್ರಮ್ಮಿನ ಪ್ರತಿ ಪೆಟ್ಟಿಗೂ ಗಾಯಕರ ದನಿ ಕುಗ್ಗಿ ಮೇಲೇಳುತ್ತದೆ. ಇದಕ್ಕೆ ಪರಿಹಾರವಾಗಿ ದನಿಯನ್ನು ಆವರ್ತನಗಳ ಪ್ರಕಾರ ಹಲವು ಪಾಲು ಮಾಡಿ, ಪ್ರತಿ ಪಾಲಿಗೂ ಪ್ರತ್ಯೇಕ ಕಂಪ್ರೆಸರ್ ಕೊಡುವ ವಿಧಾನ 1970ರ ದಶಕದಲ್ಲಿ ಬಾನುಲಿಯಲ್ಲಿ ಬಳಕೆಗೆ ಬಂತು. ಇಂದಿನ ಹಲವು ಯಂತ್ರಗಳಲ್ಲಿ ಐದು ಬ್ಯಾಂಡುಗಳಿವೆ. ಕೆಳಗಿನದರಲ್ಲಿ ಡ್ರಮ್ಮು ಮತ್ತು ಬೇಸ್ ಗಿಟಾರ್, ಅದರ ಮೇಲಿನದರಲ್ಲಿ ಗಂಡುದನಿಯ ಎದೆಯ ತುಂಬು, ನಡುವಿನದರಲ್ಲಿ ಮಾತಿನ ಸ್ವರಾಕ್ಷರಗಳು, ನಾಲ್ಕನೆಯದರಲ್ಲಿ ವ್ಯಂಜನಗಳ ಸ್ಪಷ್ಟತೆ, ಮೇಲಿನದರಲ್ಲಿ ತಾಳ ಮತ್ತು ಹೊಳಪು ಎಂದು ಸ್ಥೂಲವಾಗಿ ನೆನಪಿಟ್ಟರೆ ಸಾಕು. ಗಡಿಗಳು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತವೆ.

ಈ ಹಂತದ ಸ್ವಭಾವವೊಂದನ್ನು ಅರಿತವರಿಗೆ ಅರ್ಧ ಕೆಲಸ ಹಗುರವಾಗುತ್ತದೆ. ಬ್ಯಾಂಡು ಕಂಪ್ರೆಸರುಗಳು ತಾವಾಗಿಯೇ ಕೆಲಸ ಮಾಡುವ ಈಕ್ವಲೈಸರ್‌ಗಳಂತಿವೆ. ಬೇಸ್ ಕಡಿಮೆಯಿರುವ ಹಳೆಯ ಹಾಡು ಬಂದರೆ ಕೆಳಗಿನ ಬ್ಯಾಂಡು ತಾನೇ ಮೇಲೇರುತ್ತದೆ, ಬೇಸ್ ತುಂಬಿದ ಹಾಡು ಬಂದರೆ ತಾನೇ ಇಳಿಯುತ್ತದೆ. ಹೀಗಾಗಿ ಈ ಹಂತಕ್ಕೆ ಮುಂಚಿನ ಈಕ್ವಲೈಸರಿನಲ್ಲಿ 3 ಡೆಸಿಬಲ್ ಏರಿಸಿದರೂ ಬ್ಯಾಂಡು ಕಂಪ್ರೆಸರ್ ಅದರಲ್ಲಿ ಬಹುಪಾಲನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಏನೂ ಬದಲಾಗಲಿಲ್ಲವೆಂದು ಇನ್ನೂ 3 ಏರಿಸಿದರೆ ಕಂಪ್ರೆಸರ್ ವಿಪರೀತ ದುಡಿಯತೊಡಗುತ್ತದೆ ಅಷ್ಟೆ. ದನಿಯ ಬಣ್ಣವನ್ನು ಖಚಿತವಾಗಿ ಬದಲಿಸಬೇಕಿದ್ದರೆ ಕಂಪ್ರೆಸರ್ ಆದ ಮೇಲೆ ಬರುವ ಬ್ಯಾಂಡು ಮಿಶ್ರಣದ ಗುಂಡಿಗಳನ್ನು ಬಳಸಿ. ಅಲ್ಲಿ 1 ಡೆಸಿಬಲ್ ಕೂಡ ಸ್ಪಷ್ಟವಾಗಿ ಕೇಳಿಸುತ್ತದೆ.

ಕ್ರಮದಲ್ಲಿ ಮೊದಲು ಡ್ರೈವ್ (ಕಂಪ್ರೆಸರಿಗೆ ದನಿಯನ್ನು ಎಷ್ಟು ಒತ್ತಿ ಕಳುಹಿಸುತ್ತೇವೆ ಎಂಬುದು), ಆಮೇಲೆ ರಿಲೀಸ್ (ಇಳಿಸಿದ ಮಟ್ಟವನ್ನು ಅದು ಮತ್ತೆ ಮೇಲೆ ಬಿಡುವ ವೇಗ), ಕೊನೆಗೆ ಮಿಶ್ರಣ. ಡ್ರೈವ್ ಹೆಚ್ಚಿಸಿದಷ್ಟೂ ಹಾಡು ಹಾಡುಗಳ ನಡುವಿನ ವ್ಯತ್ಯಾಸ ಅಳಿಸುತ್ತದೆ. ರಿಲೀಸ್ ವೇಗ ಹೆಚ್ಚಿಸಿದಷ್ಟೂ ಒಂದೇ ಹಾಡಿನ ಒಳಗಿನ ಏರಿಳಿತ ಅಳಿಸುತ್ತದೆ. ಈ ಎರಡೂ ಬೇರೆ ಬೇರೆ ಸಂಗತಿಗಳು. ಕಾರಿನಲ್ಲಿ, ಅಂಗಡಿಯಲ್ಲಿ, ಕೆಲಸದ ನಡುವೆ ಕೇಳುವವರಿಗಾಗಿ ನಡೆಯುವ ಸಂಗೀತ ನಿಲಯಕ್ಕೆ ಸಾಕಷ್ಟು ಡ್ರೈವೂ ನಿಧಾನದ ರಿಲೀಸೂ ಹೊಂದುತ್ತವೆ ಎಂಬುದು ನನ್ನ ಅನುಭವ: ಎಲ್ಲ ಹಾಡುಗಳೂ ಒಂದು ಮಟ್ಟದಲ್ಲಿ ಬರುತ್ತವೆ, ಆದರೂ ಪ್ರತಿ ಹಾಡಿಗೂ ಉಸಿರಾಡಲು ಜಾಗವಿರುತ್ತದೆ. ಡ್ರೈವೂ ಹೆಚ್ಚು, ರಿಲೀಸೂ ವೇಗ ಎಂದಾದರೆ ದನಿ ಗೋಡೆಯಂತಾಗುತ್ತದೆ. ಹತ್ತು ನಿಮಿಷ ಅದು ರೋಮಾಂಚನಗೊಳಿಸೀತು, ಆಮೇಲೆ ಕೇಳುಗರು ಕಾರಣ ತಿಳಿಯದೆಯೇ ರೇಡಿಯೊದ ದನಿ ತಗ್ಗಿಸುತ್ತಾರೆ. ಶಾಸ್ತ್ರೀಯ ಸಂಗೀತದ ನಿಲಯಕ್ಕೆ ಡ್ರೈವೂ ಕಡಿಮೆ, ರಿಲೀಸೂ ನಿಧಾನ ಇರಬೇಕು.

ಹಳೆಯ ಮೊನೊ ಮುದ್ರಣವನ್ನು ಈಗ ಹಾಕಿ. ಅದರಲ್ಲಿ ಮೇಲಿನ ಸ್ವರಗಳೇ ಇಲ್ಲದಿರುವುದರಿಂದ ಐದನೆಯ ಬ್ಯಾಂಡು ಏನಾದರೂ ಸಿಗುತ್ತದೆಯೇ ಎಂದು ಮೇಲೆ ಮೇಲೆ ಹೋಗಿ, ಸಿಗುವ ಒಂದೇ ವಸ್ತುವಾದ ಹಿಸ್ಸನ್ನು ಹಿಡಿದು ತರುತ್ತದೆ. ಐದನೆಯ ಬ್ಯಾಂಡು ನಾಲ್ಕನೆಯದನ್ನು ಮೀರಿ ಹೆಚ್ಚು ಏರದಂತೆ ಕಟ್ಟಿಹಾಕುವ ಕಪ್ಲಿಂಗ್ ಸೌಲಭ್ಯ ಬಹುತೇಕ ಯಂತ್ರಗಳಲ್ಲಿರುತ್ತದೆ. ಅದನ್ನು ಹಿಸ್ ಹಿಂದೆ ಸರಿಯುವವರೆಗೆ ಹೆಚ್ಚಿಸಿ.

ಕ್ಲಿಪ್ಪರ್, 'ಸ'ಕಾರ ಮತ್ತು ಬೇಸ್

ಕೊನೆಯ ಹಂತದಲ್ಲಿ ಶಿಖರಗಳನ್ನು ಕತ್ತರಿಸಲಾಗುತ್ತದೆ. ಜೋರು ಬಹುಪಾಲು ಹುಟ್ಟುವುದೂ, ದನಿ ಕೆಡುವುದೂ ಇಲ್ಲಿಯೇ. ಇಲ್ಲಿನ ಕಷ್ಟಕ್ಕೆ ಪ್ರಿ-ಎಂಫಸಿಸ್ ಕಾರಣ: 50 ಮೈಕ್ರೊಸೆಕೆಂಡ್ ಏರಿಕೆಯಲ್ಲಿ 15 ಕಿಲೋಹರ್ಟ್ಸ್‌ನ ಸ್ವರ ಸುಮಾರು 13.7 ಡೆಸಿಬಲ್ ಮೇಲೇರಿರುತ್ತದೆ, 75ರಲ್ಲಿ ಸುಮಾರು 17. ಮಿತಿ ಮಾತ್ರ ಎಲ್ಲ ಸ್ವರಗಳಿಗೂ ಒಂದೇ. ಹೀಗಾಗಿ ಹೊಳಪನ್ನು ಏರಿಸಿದ ಪ್ರತಿ ಡೆಸಿಬಲ್ಲೂ ಕ್ಲಿಪ್ಪರಿನ ಮೇಲೆ ಹಲವು ಪಟ್ಟು ಭಾರವಾಗಿ ಬೀಳುತ್ತದೆ. ಕತ್ತರಿಸಿದ ತರಂಗವನ್ನು ಪೈಲಟ್ಟಿನ ರಕ್ಷಣೆಗಾಗಿ 15 ಕಿಲೋಹರ್ಟ್ಸ್ ಫಿಲ್ಟರಿನಲ್ಲಿ ಹಾಯಿಸಿದಾಗ ಶಿಖರಗಳು ಮತ್ತೆ ಮೇಲೆ ಚಿಮ್ಮುವ ತೊಂದರೆಯೂ ಇದೆ. 1975ರಲ್ಲಿ ಬಂದ ಆರ್ಬನ್ ಆಪ್ಟಿಮೋಡ್ 8000 ಎಂಬ ಪ್ರೊಸೆಸರ್ ಲಿಮಿಟರ್, ಫಿಲ್ಟರ್, ಸ್ಟೀರಿಯೊ ಎನ್‌ಕೋಡರ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿ ಈ ಚಿಮ್ಮುವಿಕೆಯನ್ನು ಹತೋಟಿಗೆ ತಂದಿತು. ಸ್ಟೀರಿಯೊ ಎನ್‌ಕೋಡರನ್ನು ಪ್ರೊಸೆಸರ್ ಒಳಗಿನದನ್ನೇ ಬಳಸಬೇಕು ಎಂಬ ಸಲಹೆಯ ಹಿಂದಿರುವ ಕಾರಣ ಇಂದಿಗೂ ಅದೇ.

ಪರೀಕ್ಷೆಗೆ ನಿಮ್ಮದೇ ವಾರ್ತಾವಾಚಕರಿಂದ "ಸಚಿವ ಸಂಪುಟದ ಸಭೆಯಲ್ಲಿ ಸಂಶೋಧನಾ ಸಂಸ್ಥೆಗಳ ಸಮಸ್ಯೆ" ಎಂಬಂಥ ಸಾಲನ್ನು ಓದಿಸಿ ಮುದ್ರಿಸಿಕೊಳ್ಳಿ. ಕ್ಲಿಪ್ಪರಿಗೆ ಭಾರ ಹೆಚ್ಚಾದಾಗ ಪ್ರತಿ 'ಸ'ಕಾರವೂ ಬಟ್ಟೆ ಹರಿದಂತೆ ಪರ್ ಎನ್ನುತ್ತದೆ. ಅದನ್ನು ತಪ್ಪಿಸಲು ಮೇಲಿನ ಸ್ವರದ ಲಿಮಿಟರನ್ನು ಬಿಗಿ ಮಾಡಿದರೆ 'ಸ' ಮಂಕಾಗಿ, ಓದುವವರ ನಾಲಿಗೆ ದಪ್ಪವಾದಂತೆ ಕೇಳಿಸುತ್ತದೆ. ಎರಡರ ನಡುವಿನ ಜಾಗ ಬಹಳ ಕಿರಿದು. ಅಲ್ಲಿಗೆ ತಲುಪಲು ಲಿಮಿಟರಿನಷ್ಟೇ ಮುಖ್ಯವಾದ ಇನ್ನೊಂದು ದಾರಿ ಸ್ಟುಡಿಯೊದಲ್ಲಿದೆ: ಮೈಕನ್ನು ಬಾಯಿಯ ನೇರದಿಂದ ತುಸು ಪಕ್ಕಕ್ಕೆ ತಿರುಗಿಸಿ, ಮೈಕಿನ ಪ್ರೊಸೆಸರಿನಲ್ಲಿ ಏರಿಸಿಟ್ಟ ಟ್ರೆಬಲ್ಲನ್ನು ಇಳಿಸಿ, ಅಗತ್ಯವಿದ್ದರೆ 'ಸ'ಕಾರವನ್ನು ತಗ್ಗಿಸುವ ಡಿ-ಎಸ್ಸರನ್ನು ಅಲ್ಲಿಯೇ ಬಳಸಿ.

ಕ್ಲಿಪ್ಪರಿನ ಡ್ರೈವನ್ನು ಅರ್ಧ ಡೆಸಿಬಲ್ಲಿನ ಹೆಜ್ಜೆಗಳಲ್ಲಿ ಮಾತ್ರ ಬದಲಿಸಿ. ಒಡಕು ಕೇಳಿಸುತ್ತದೆಯೇ ಎಂಬುದನ್ನು ಗದ್ದಲದ ಹಾಡಿನಲ್ಲಿ ನೋಡಬೇಡಿ, ಅಲ್ಲಿ ಅದು ಅಡಗಿಕೊಳ್ಳುತ್ತದೆ. ಒಂಟಿ ಪಿಯಾನೊದಲ್ಲಿ, ವಾದ್ಯವಿಲ್ಲದ ಹೆಣ್ಣುದನಿಯಲ್ಲಿ ಕೇಳಿ. ಒಡಕು ಕೇಳಿಸಿದ ಬಿಂದುವಿನಿಂದ 1 ಡೆಸಿಬಲ್ ಹಿಂದಕ್ಕೆ ಬಂದು ನಿಲ್ಲಿ. ಆ 1 ಡೆಸಿಬಲ್ ಜೋರು ಹೋಯಿತೆಂದು ಕೇಳುಗರು ಯಾರೂ ದೂರುವುದಿಲ್ಲ.

ಬೇಸ್ ಇನ್ನೊಂದು ಬಗೆಯಲ್ಲಿ ಬೆಲೆ ಕೇಳುತ್ತದೆ. ಕೆಳಗಿನ ಸ್ವರಗಳ ಅಲೆಗಳು ದೊಡ್ಡವು. ಅವು ಮಿತಿಯನ್ನು ತುಂಬಿಕೊಂಡಾಗ ಅದೇ ಹೊತ್ತಿನಲ್ಲಿ ಬರುವ ಗಾಯಕರ ದನಿ ಅಲೆಯ ತುದಿಯಲ್ಲಿ ಸವಾರಿ ಮಾಡುತ್ತಾ ಕ್ಲಿಪ್ಪರಿಗೆ ತಾಗುತ್ತದೆ. ಡ್ರಮ್ಮಿನ ಪೆಟ್ಟಿಗೊಮ್ಮೆ ದನಿಯಲ್ಲಿ ಮರಳು ಉಜ್ಜಿದ ಸದ್ದು ಬರುತ್ತದೆ. ಪರೀಕ್ಷಾ ಪಟ್ಟಿಯಲ್ಲಿ ಡ್ರಮ್ಮಿನ ಮೇಲೆ ಹೆಣ್ಣುದನಿಯ ತುಣುಕು ಇರಬೇಕೆಂದದ್ದು ಇದಕ್ಕಾಗಿ. ಆ ಸದ್ದು ಬಂದರೆ ಕೆಳಗಿನ ಬ್ಯಾಂಡಿನ ಮಿಶ್ರಣವನ್ನು ಇಳಿಸಿ, ಇಲ್ಲವೇ ಬೇಸ್ ಕ್ಲಿಪ್ಪರಿನ ಮಟ್ಟವನ್ನು ತಗ್ಗಿಸಿ. ಸಣ್ಣ ರೇಡಿಯೊಗಳ ಸ್ಪೀಕರುಗಳು 100 ಹರ್ಟ್ಸ್‌ನ ಕೆಳಗೆ ಹೆಚ್ಚೇನನ್ನೂ ನುಡಿಸುವುದಿಲ್ಲವಾದ್ದರಿಂದ, ತುಂಬು ಬೇಕೆನ್ನಿಸಿದಾಗ 60 ಹರ್ಟ್ಸ್‌ಗಿಂತ 120 ಹರ್ಟ್ಸ್‌ನ ಸುತ್ತ ಒಂದೆರಡು ಡೆಸಿಬಲ್ ಕೊಡುವುದು ಹೆಚ್ಚು ಫಲಕಾರಿ.

ಸ್ಟೀರಿಯೊ ಅಗಲ

ಎಫ್‌ಎಂ ಸ್ಟೀರಿಯೊದಲ್ಲಿ ಎಡ ಬಲಗಳ ವ್ಯತ್ಯಾಸದ ಸಂಕೇತ 38 ಕಿಲೋಹರ್ಟ್ಸ್ ಉಪವಾಹಕದ ಮೇಲೆ ಹೋಗುತ್ತದೆ. ಕಟ್ಟಡ, ಬೆಟ್ಟಗಳಿಗೆ ಬಡಿದು ತಡವಾಗಿ ಬರುವ ಪ್ರತಿಫಲನಗಳು ಮೊದಲು ಕೆಡಿಸುವುದು ಅದನ್ನೇ. ಅಗಲ ಹೆಚ್ಚಿಸುವ ಗುಂಡಿಯನ್ನು ತುಂಬ ತಿರುಗಿಸಿದರೆ ಸ್ಟುಡಿಯೊದಲ್ಲಿ ಮೋಹಕವಾಗಿ ಕೇಳಿಸುತ್ತದೆ, ಓಡುವ ಕಾರಿನಲ್ಲಿ ಮಾತ್ರ ಚರಚರ ಸದ್ದು ಹೆಚ್ಚುತ್ತದೆ. ಕಾರಿನಲ್ಲಿ ಕೇಳುವವರೇ ಹೆಚ್ಚಿರುವ ನಿಲಯದಲ್ಲಿ ಇದನ್ನು ಕನಿಷ್ಠದಲ್ಲಿಡುವುದು ಅಥವಾ ಆಫ್ ಮಾಡಿಡುವುದು ಲೇಸು. ಪೈಲಟ್ ಒಟ್ಟು ಮಾಡ್ಯುಲೇಷನ್ನಿನ 8ರಿಂದ 10 ಶೇಕಡಾ ಒಳಗಿರಲಿ.

ಕೇಳುವ ಕ್ರಮ

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ದಿನಾಂಕ ಮತ್ತು ಸಮಯದೊಂದಿಗೆ ಬರೆಯಿರಿ. ಹಳೆಯ ಮತ್ತು ಹೊಸ ಪ್ರೀಸೆಟ್ಟುಗಳನ್ನು ಹೋಲಿಸುವಾಗ ಎರಡರ ಜೋರನ್ನೂ ಸಮ ಮಾಡಿಕೊಳ್ಳಿ. ಅರ್ಧ ಡೆಸಿಬಲ್ ಜೋರಾಗಿರುವುದೇ ಕಿವಿಗೆ ಉತ್ತಮವೆನಿಸುವುದರಿಂದ ಸಮ ಮಾಡದ ಹೋಲಿಕೆ ಸದಾ ಜೋರಿನ ಪರವಾಗಿಯೇ ತೀರ್ಪು ಕೊಡುತ್ತದೆ. ಸ್ಟುಡಿಯೊದ ದೊಡ್ಡ ಸ್ಪೀಕರಿನಲ್ಲಿ ಒಡಕನ್ನು ಹುಡುಕಿ, ಆದರೆ ಬೇಸ್ ಮತ್ತು ಟ್ರೆಬಲ್ ಪ್ರಮಾಣವನ್ನು ಸಾಮಾನ್ಯ ರೇಡಿಯೊದಲ್ಲಿ, ಕಾರಿನಲ್ಲಿ, ಫೋನಿನಲ್ಲಿ ನಿರ್ಧರಿಸಿ. ದನಿ ತಗ್ಗಿದಾಗ ಕಿವಿಗೆ ಬೇಸ್ ಹೆಚ್ಚು ಬೇಗ ಮರೆಯಾಗುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಆದ್ದರಿಂದ ಇಬ್ಬರು ಪಕ್ಕದಲ್ಲಿ ಕುಳಿತು ಮಾತನಾಡುವಷ್ಟು ಮಟ್ಟದಲ್ಲಿ ಇಟ್ಟು ಕೇಳಿ, ಕೇಳುಗರಲ್ಲಿ ಬಹುತೇಕರು ಕೇಳುವುದು ಹಾಗೆಯೇ.

ಒಂದು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊಂದಿಸಬೇಡಿ; ದಣಿದ ಕಿವಿ ಟ್ರೆಬಲ್ ಸಾಲದೆಂದೇ ಹೇಳುತ್ತದೆ. ಒಂದು ಹಂತ ತೃಪ್ತಿಯಾದ ಮೇಲೆ ಎರಡು ಮೂರು ದಿನ ಏನನ್ನೂ ಮುಟ್ಟದೆ, ಮನೆಯಲ್ಲಿ ಬೇರೆ ಕೆಲಸ ಮಾಡುತ್ತಾ ನಿಲಯವನ್ನು ಹಾಕಿಕೊಂಡಿರಿ. ಯಾವಾಗ ಕೈ ತಾನಾಗಿ ದನಿ ತಗ್ಗಿಸಲು ಹೋಯಿತು ಎಂಬುದನ್ನು ಗುರುತು ಹಾಕಿಕೊಳ್ಳಿ. ಎದುರು ಕುಳಿತು ಮಾಡುವ ಎಷ್ಟೋ ಪರೀಕ್ಷೆಗಳಿಗಿಂತ ಈ ಒಂದು ಗುರುತಿನ ಮೇಲೆ ನನಗೆ ಹೆಚ್ಚು ನಂಬಿಕೆ.

ನಿರೂಪಕರ ಹೆಡ್‌ಫೋನಿನ ಬಗ್ಗೆಯೂ ಯೋಚಿಸಬೇಕು. ಡಿಜಿಟಲ್ ಪ್ರೊಸೆಸರ್ ದನಿಯನ್ನು ಕೆಲವು ಮಿಲಿಸೆಕೆಂಡ್ ತಡಮಾಡುತ್ತದೆ. ತಡ 10 ಮಿಲಿಸೆಕೆಂಡ್ ದಾಟಿದ ಮೇಲೆ ಪ್ರಸಾರದ ದನಿಯನ್ನೇ ಹೆಡ್‌ಫೋನಿನಲ್ಲಿ ಕೇಳುತ್ತಾ ಮಾತನಾಡುವುದು ಹಲವರಿಗೆ ಕಷ್ಟವಾಗುತ್ತದೆ. ಕಡಿಮೆ ತಡದ ಪ್ರತ್ಯೇಕ ಮಾನಿಟರ್ ಔಟ್‌ಪುಟ್ ಯಂತ್ರದಲ್ಲಿದ್ದರೆ ಅದನ್ನು ಕೊಡಿ.

ಅಳತೆ, ಇಂಟರ್‌ನೆಟ್ ಧಾರೆ

ಯುರೋಪಿನ ಕೆಲವು ದೇಶಗಳಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಐಟಿಯು-ಆರ್ ಬಿಎಸ್.412 ಶಿಫಾರಸಿನ ಪ್ರಕಾರ ಮಲ್ಟಿಪ್ಲೆಕ್ಸ್ ಶಕ್ತಿಗೂ, ಅಂದರೆ ದನಿ, ಪೈಲಟ್, ಆರ್‌ಡಿಎಸ್ ಎಲ್ಲ ಸೇರಿದ ಸಂಕೇತದ ಶಕ್ತಿಗೂ, ಮಿತಿಯಿದೆ. ಯಾವುದೇ 60 ಸೆಕೆಂಡುಗಳ ಸರಾಸರಿ, ವಾಹಕವನ್ನು ಎರಡೂ ಕಡೆಗೆ 19 ಕಿಲೋಹರ್ಟ್ಸ್ ಸರಿಸುವ ಒಂಟಿ ಟೋನಿನ ಶಕ್ತಿಯನ್ನು ಮೀರುವಂತಿಲ್ಲ. ಈ ನಿಯಮವಿರುವಲ್ಲಿ ಕ್ಲಿಪ್ಪರನ್ನು ಒತ್ತಿ ಜೋರು ಗಳಿಸಲು ಆಗದು. ಹಾಗಾಗಿ ಕ್ಲಿಪ್ಪರನ್ನು ಸಡಿಲಿಸಿ, ಶಿಖರಗಳನ್ನು ಉಳಿಸಿಕೊಂಡು, ಶುದ್ಧವಾದ ದನಿಯನ್ನೇ ಆರಿಸಿಕೊಳ್ಳಬಹುದು.

ಇಂಟರ್‌ನೆಟ್ ಧಾರೆಗೆ ಎಫ್‌ಎಂಗಾಗಿ ಕತ್ತರಿಸಿದ ದನಿಯನ್ನು ಕಳುಹಿಸಬೇಡಿ. ಅಲ್ಲಿ ಪ್ರಿ-ಎಂಫಸಿಸ್ಸೂ ಇಲ್ಲ, 15 ಕಿಲೋಹರ್ಟ್ಸ್ ಗಡಿಯೂ ಇಲ್ಲ. ಕ್ಲಿಪ್ಪರ್ ಹುಟ್ಟಿಸಿದ ಒಡಕನ್ನು ಸಂಕೇತಿಸುವುದರಲ್ಲಿ ಕೋಡೆಕ್ ತನ್ನ ಬಿಟ್ಟುಗಳನ್ನು ವ್ಯರ್ಥ ಮಾಡುತ್ತದೆ. ಬ್ಯಾಂಡು ಕಂಪ್ರೆಸರ್ ಆದ ಮೇಲೆ, ಕ್ಲಿಪ್ಪರಿಗೆ ಮುನ್ನ ದನಿಯನ್ನು ಕವಲೊಡೆಸಿ, ಶಿಖರ ಬರುವುದನ್ನು ಮೊದಲೇ ಕಂಡು ಮಟ್ಟ ಇಳಿಸುವ ಮುನ್ನೋಟದ ಲಿಮಿಟರಿಗೆ ಕೊಡಿ. ಧಾರೆಯ ಸರಾಸರಿ ಜೋರು −16ರಿಂದ −20 ಎಲ್‌ಯುಎಫ್‌ಎಸ್ (ಕಿವಿಗೆ ಅನ್ನಿಸುವ ಜೋರಿನ ಅಳತೆ) ನಡುವೆ ಇರಲಿ ಎಂದು ಆಡಿಯೊ ಎಂಜಿನಿಯರಿಂಗ್ ಸೊಸೈಟಿ 2015ರಲ್ಲಿ ಶಿಫಾರಸು ಮಾಡಿತ್ತು.

ಎಲ್ಲ ಮುಗಿದ ಮೇಲೆ ಪ್ರೀಸೆಟ್ಟನ್ನು ದಿನಾಂಕವಿರುವ ಹೆಸರಿನಲ್ಲಿ ಉಳಿಸಿ, ಅದರ ಪ್ರತಿಯನ್ನು ಯಂತ್ರದ ಹೊರಗೂ ಇಡಿ. ಬದಲಿ ಪ್ರೊಸೆಸರ್ ಇದ್ದರೆ ಅದಕ್ಕೂ ಅದೇ ದನಿಯನ್ನು ಹೊಂದಿಸಿ, ಒಂದು ರಾತ್ರಿ ಅದನ್ನೇ ಪ್ರಸಾರಕ್ಕೆ ಹಾಕಿ ಕೇಳಿ. ಮುಂಭಾಗದ ಗುಂಡಿಗಳಿಗೆ ಪಾಸ್‌ವರ್ಡ್ ಹಾಕಿ, ಮೊದಲ ದಿನ ಬರೆದ ಆ ಹಾಳೆಯನ್ನು ರ್‍ಯಾಕಿನ ಬಾಗಿಲ ಒಳಬದಿಗೆ ಅಂಟಿಸಿ.